ಛಾವಣಿ ಬೆವರಿದ ಮಧ್ಯಾಹ್ನ

ಸಂಡೂರು ಕೆಳಪೇಟೆ
ಇಸವಿ ಎರಡು ಸಾವಿರದ ನೂರ ಮೂವತ್ತೊಂದು, ಎರಡನೇ ಬೇಸಿಗೆಯ ಆರಂಭ

ಈಗ ಮನೆ ಕಟ್ಟಿಸುತ್ತಿರುವವರಿಗೆ, ಕಟ್ಟಿಸಿದ ಮನೆಯನ್ನು ಮಾರಲು ಹೊರಟವರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನೀವೆಲ್ಲ ಹೋಗಿ, ನಿಮ್ಮ ಮೊಮ್ಮಕ್ಕಳೂ ಹೋದ ಮೇಲಿನ ಕಾಲ ಇದು. ಈ ಕಾಗದ ಹಿಂದಕ್ಕೆ ನಡೆದು ನಿಮ್ಮನ್ನು ಮುಟ್ಟುವುದೋ ಇಲ್ಲವೋ ನನಗೆ ತಿಳಿಯದು. ಮುಟ್ಟಿದರೆ, ಇದರಲ್ಲಿ ಕೆಲವು ಮಾತುಗಳು ನಿಮ್ಮ ಕಿವಿಗೆ ಒರಟಾಗಿ ಕೇಳಿಸಬಹುದು. ಆ ವಸ್ತುಗಳೇ ನಿಮ್ಮ ಕಾಲದಲ್ಲಿ ಇರಲಿಲ್ಲವಾದ್ದರಿಂದ ಅವಕ್ಕೆ ನಿಮ್ಮಲ್ಲಿ ಹೆಸರೂ ಇರಲಿಲ್ಲ. ಅದಕ್ಕಾಗಿ ಕ್ಷಮೆ ಇರಲಿ. ಬಂದಬಂದಲ್ಲಿ ಬಿಡಿಸಿ ಹೇಳುತ್ತೇನೆ. ನಾನು ಬರವಣಿಗೆಯವಳಲ್ಲ, ದಾದಿ. ಒಂದು ಕಡೆ ಕೂರುವುದು ನನ್ನ ಮೈಗೆ ಒಗ್ಗದು. ಈ ಪುಟ ಮುಗಿಯುವುದರೊಳಗೆ ಎಷ್ಟೋ ಸಲ ಎದ್ದು ಬಾಗಿಲಿಗೆ ಹೋಗಿ ಗಾಳಿಯ ದಿಕ್ಕು ನೋಡಿ ಬಂದಿರುತ್ತೇನೆ. ಎಲ್ಲಿಯಾದರೂ ಮಾತು ತುಂಡಾದಂತೆ ಕಂಡರೆ ಅಲ್ಲಿ ಎದ್ದಿದ್ದೆನೆಂದು ತಿಳಿಯಿರಿ.

ನನ್ನ ಹೆಸರು ನೀಲಗಂಗಾ. ನನ್ನ ಗಂಡ ಅಂಬಾರಾಯ ರೈಲಿನಲ್ಲಿ ಸರಕು ಡಬ್ಬಿಗಳನ್ನು ನೋಡಿಕೊಳ್ಳುತ್ತಿದ್ದ. ನಮ್ಮ ಒಬ್ಬಳೇ ಮಗಳು ಸುನೇತ್ರಾ. ನಾನು ಹೇಳಹೊರಟ ಸಂಗತಿ ನಡೆದಾಗ ಅವಳಿಗೆ ಒಂಬತ್ತು ವರ್ಷ. ನಾವು ಕಲಬುರಗಿಯಲ್ಲಿದ್ದೆವು. ನಿಮ್ಮ ಕಾಲದಲ್ಲೂ ಆ ಸೀಮೆಯನ್ನು ಬಿಸಿಲುನಾಡು ಎನ್ನುತ್ತಿದ್ದರಂತೆ. ಆದರೆ ನಿಮಗೆ ವರ್ಷಕ್ಕೆ ಒಂದೇ ಬೇಸಿಗೆ ಇತ್ತು. ನಮಗೆ ಎರಡು: ಒಂದು ಯುಗಾದಿಯ ಆಚೀಚೆ ಹುಟ್ಟಿ ಮುಂಗಾರಿನವರೆಗೆ ಸುಡುವುದು, ಇನ್ನೊಂದು ಮಳೆ ನಿಂತ ಕೂಡಲೇ ನೆಲದ ಹಸಿಯನ್ನೆಲ್ಲ ಹಬೆಯಾಗಿಸಿ ಮೇಲೆಬ್ಬಿಸುವುದು. ಈ ಎರಡನೆಯದೇ ಕೊಲ್ಲುವ ಬೇಸಿಗೆ, ಏಕೆಂದರೆ ಅದರಲ್ಲಿ ಬೆವರು ಒಣಗುವುದಿಲ್ಲ. ಆ ದಿನಗಳಲ್ಲಿ ಸೂರ್ಯ ಮೇಲೇರುತ್ತಿದ್ದಂತೆ ಬೀದಿಗಳು ಮುಚ್ಚುತ್ತವೆ. ಶಾಲೆ, ಸಂತೆ, ಕಚೇರಿ ಎಲ್ಲ ಬೆಳಕು ಹರಿಯುವ ಮುನ್ನ ಮತ್ತು ಬಿಸಿಲಿಳಿದ ಮೇಲೆ. ಹಗಲಿನಲ್ಲಿ ಒಲೆ ಹಚ್ಚುವಂತಿಲ್ಲ. ತಂಪು ಹೊತ್ತಿನಲ್ಲಿ ಬಡಿದಿಟ್ಟ ಕಟಕ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಹಾಕಿದ ಮಜ್ಜಿಗೆ, ಅಷ್ಟೇ ಊಟ. ಮನೆ ಚೆನ್ನಾಗಿಲ್ಲದವರು ಚಾಪೆ ಸುತ್ತಿಕೊಂಡು ತಂಪುಶಾಲೆಗೆ ಹೋಗುತ್ತಾರೆ. ನೀವು ಶಹಾಬಾದ ಕಡೆ ನೆಲಕ್ಕೆ ಹಾಸುವ ಫರಸಿ ಕಲ್ಲು ತೆಗೆದು ಹಾಗೇ ಬಿಟ್ಟುಹೋದ ಗುಂಡಿಗಳಿವೆಯಲ್ಲ, ಅವುಗಳ ಮೇಲು ಮುಚ್ಚಿ ಮಾಡಿದ ನೆಲದೊಳಗಿನ ಉದ್ದನೆಯ ಸಾಲೆಗಳೇ ತಂಪುಶಾಲೆ. ನನ್ನ ಕೆಲಸ ಅಲ್ಲಿ. ಮಲಗಿದವರ ಹಣೆ ಮುಟ್ಟಿ ನೋಡುತ್ತಾ ಸಾಲುಗಳ ನಡುವೆ ತಿರುಗುವುದು.

ಇನ್ನು ಮನೆಗಳ ದರ್ಜೆಯ ವಿಷಯ. ನಿಮ್ಮಲ್ಲಿ ಹೆಚ್ಚಾಗಿ ಯಂತ್ರಗಳಿಗೆ ನಕ್ಷತ್ರ ಹಚ್ಚುತ್ತಿದ್ದರೆಂದು ಹಳಬರಿಂದ ಕೇಳಿದ್ದೇನೆ. ಎಷ್ಟು ಕಡಿಮೆ ಕರೆಂಟಿನಲ್ಲಿ ಎಷ್ಟು ತಂಪು ಕೊಡುತ್ತದೆ ಎಂಬುದರ ಮೇಲೆ ಗಾಳಿಪೆಟ್ಟಿಗೆಗೆ ದರ್ಜೆ. ಬಹಳ ವರ್ಷ ನಮ್ಮವರೂ ಮನೆಗಳಿಗೆ ಅದೇ ರೀತಿಯಲ್ಲಿ ದರ್ಜೆ ಕೊಟ್ಟರು. ನನ್ನ ಅಜ್ಜಿಯ ಕಾಲದಲ್ಲಿ ಒಂದು ಬೇಸಿಗೆ ಕರೆಂಟು ಹೋದದ್ದು ವಾರಗಟ್ಟಲೆ ಬರಲಿಲ್ಲ. ಮೊದಲ ದರ್ಜೆಯ ಪತ್ರ ಗೋಡೆಗೆ ತೂಗುಹಾಕಿದ ಮನೆಗಳಲ್ಲಿ ಜನ ಆ ಪತ್ರದ ಕೆಳಗೇ ಸತ್ತರು. ಪತ್ರ ಅಳೆದದ್ದು ಯಂತ್ರವನ್ನು, ಗೋಡೆಯನ್ನಲ್ಲ. ಆಮೇಲೆ ಉಸಿರುದರ್ಜೆ ಬಂತು. ಮನೆ ಮಾರುವವರು ಒಂದು ದಿನ ಕರೆಂಟನ್ನು ಪೂರ್ತಿ ತೆಗೆದು, ಹಗಲಿನ ಕೆಟ್ಟ ಹೊತ್ತಿನಲ್ಲಿ, ಮನೆಯ ಅತಿ ಬಿಸಿಯ ಕೋಣೆಯಲ್ಲಿ ತಾವೇ ಕೂರಬೇಕು. ಇದಕ್ಕೆ ಕೂರಿಕೆ ಎನ್ನುತ್ತಾರೆ. ಪಕ್ಕದಲ್ಲಿ ಬೆವರುಗೋಲು ನಿಲ್ಲಿಸುತ್ತಾರೆ. ಅದರ ತುದಿಗೆ ಒದ್ದೆ ಬಟ್ಟೆ ಸುತ್ತಿರುತ್ತದೆ, ಆ ಕೋಣೆಯಲ್ಲಿ ಮನುಷ್ಯನ ಬೆವರು ಒಣಗುತ್ತದೋ ಇಲ್ಲವೋ ಎಂದು ಗೆರೆ ತೋರಿಸುತ್ತದೆ. ಅದನ್ನು ನೋಡಿ ಒಂದರಿಂದ ಆರರವರೆಗೆ ದರ್ಜೆ. ಆರನೆಯದು ವಾಸಕ್ಕೆ ಯೋಗ್ಯವಲ್ಲ. ಮಾರಾಟವೆಂದರೂ ನಮ್ಮಲ್ಲಿ ಮನೆಗೆ ಮನೆ. ಬಿಸಿ ಊರಿನಲ್ಲಿ ಉಳಿಯುವವರಿಗೆ ಬದುಕುವಂಥ ಮನೆ ಬಿಟ್ಟುಕೊಟ್ಟವರಿಗೆ ಮಾತ್ರ ತಂಪು ಊರಿನಲ್ಲಿ ಮನೆ. ಬೆಟ್ಟದ ಮೇಲಿನ ಮನೆಗೆ ಕಡೇಪಕ್ಷ ಮೂರನೇ ದರ್ಜೆ ಬೇಕು. ಕಾಯ್ದೆ ನ್ಯಾಯವಾದದ್ದೇ. ನನಗೆ ಬೇಕಾದದ್ದು ಅದರ ಆಚೆ ಬದಿಯಲ್ಲಿತ್ತು ಅಷ್ಟೇ.

ನಮ್ಮ ಮನೆಯ ಕೂರಿಕೆಗೆ ಹಿಂದಿನ ವರ್ಷ, ಎರಡನೇ ಬೇಸಿಗೆಯಲ್ಲಿ, ಸುನೇತ್ರಾ ಪಡುವಣ ಕೋಣೆಯಲ್ಲಿ ಬಿದ್ದಿದ್ದಳು. ಆಟಿಕೆ ಹುಡುಕಲು ಹೋದವಳು ತಿರುಗಿ ಬರಲಿಲ್ಲ. ನಾನು ನೋಡಿದಾಗ ಮೈ ಕಾದ ಹಂಚಿನಂತಿತ್ತು. ಒಂದು ಹನಿ ಬೆವರಿಲ್ಲ. ತಂಪುಶಾಲೆಯಲ್ಲಿ ಅವಳನ್ನು ನೀರು ಹರಿಸಿ ತಂಪಾಗಿಟ್ಟ ಕಲ್ಲಿನ ಮೇಲೆ ಮಲಗಿಸಿ ಉಳಿಸಿಕೊಂಡೆವು. ಆದರೆ ಆ ದಿನದಿಂದ ಅವಳ ಮೈ ಬೆವರುವುದನ್ನೇ ಮರೆಯಿತು. ವೈದ್ಯರು ಸುತ್ತು ಬಳಸದೆ ಹೇಳಿದರು, ಈ ಊರಿನ ಇನ್ನೊಂದೆರಡು ಬೇಸಿಗೆಗಿಂತ ಹೆಚ್ಚು ಇವಳು ತಾಳುವುದಿಲ್ಲ, ಬೆಟ್ಟದ ಊರಿಗೆ ಕರೆದುಕೊಂಡು ಹೋಗಿ ಎಂದು. ಬೆಟ್ಟವೆಂದರೆ ನಮಗೆ ಸಂಡೂರು. ನಿಮ್ಮ ಕಾಲದವರು ಅದಿರಿಗಾಗಿ ಕೆರೆದು ಕೆಂಪಾಗಿಸಿದ್ದ ಆ ಬೆಟ್ಟಗಳಲ್ಲಿ ಈಗ ಕಾಡು ತಿರುಗಿ ಬಂದಿದೆ. ಮೇಲಿನ ಪೇಟೆಯಲ್ಲಿ ಹಗಲಿನಲ್ಲೂ ಮಕ್ಕಳು ಬೀದಿಯಲ್ಲಿ ಆಡುತ್ತಾರೆಂದು ಅಂಬಾರಾಯ ಸರಕು ರೈಲಿನವರಿಂದ ಕೇಳಿಕೊಂಡು ಬಂದಿದ್ದ. ಆ ಮಾತು ಕೇಳಿದ ಮೇಲೆ ನಮ್ಮಿಬ್ಬರಿಗೂ ಬೇರೆ ಯೋಚನೆಯೇ ಇರಲಿಲ್ಲ.

ನಮ್ಮ ಮನೆ ನಿಮ್ಮ ಕಾಲದ್ದು. ಕಟ್ಟಿದವರು ಯಾರೋ ಗೊತ್ತಿಲ್ಲ. ಕೈಯಿಂದ ಕೈಗೆ ಬಂದು ನಮಗೆ ಸಿಕ್ಕಿತ್ತು. ಉಳಿದ ಕೋಣೆಗಳು ಪರವಾಗಿಲ್ಲ. ಪಡುವಣ ಕೋಣೆ ಮಾತ್ರ ಎಲ್ಲಕ್ಕಿಂತ ದೊಡ್ಡದು, ಎಲ್ಲಕ್ಕಿಂತ ಚಂದ, ಎಲ್ಲಕ್ಕಿಂತ ಕೆಟ್ಟದ್ದು. ಪಶ್ಚಿಮದ ಗೋಡೆಯ ತುಂಬ ಗಾಜು, ಮೇಲೆ ಬರಿಯ ಕಾಂಕ್ರೀಟು ಸ್ಲ್ಯಾಬು, ಅದರ ಕೆಳಗೆ ಅಂದಕ್ಕೆಂದು ತೂಗುಬಿಟ್ಟ ಬಿಳಿ ಹಲಗೆಯ ಛಾವಣಿ. ಬಿಸಿಲು ಒಳಗೆ ಬರುತ್ತಿತ್ತು, ಹೊರಗೆ ಹೋಗುವ ದಾರಿ ಮರೆಯುತ್ತಿತ್ತು. ಅದಕ್ಕೆ ಮೂರನೇ ದರ್ಜೆ ಹೇಗೆ ಬರುತ್ತದೆಂದು ನಾನು ಕೇಳಿದಾಗಲೆಲ್ಲ ಅಂಬಾರಾಯ, “ನೀ ಸುಮ್ನ ಕೂಡು. ಉಳದದ್ದು ನಾ ನೋಡ್ಕೋತೀನಿ,” ಎನ್ನುತ್ತಿದ್ದ. ಸೊಪ್ಪಿನ ಚಪ್ಪರ ಹಾಕಿಸುತ್ತಾನೆ, ಗಾಜಿಗೆ ಸುಣ್ಣ ಬಳಿಯುತ್ತಾನೆ ಎಂದುಕೊಂಡೆ. ಅವೆರಡನ್ನೂ ಮಾಡಿದ. ಅವುಗಳಿಂದ ಆಗುವ ಕೆಲಸವಲ್ಲವೆಂದು ನನಗೂ ಗೊತ್ತಿತ್ತು.

ಕೊಳ್ಳಲು ಬಂದವರು ದೇವಿಂದ್ರಪ್ಪ ಮತ್ತು ಅವನ ಹೆಂಡತಿ ಕಸ್ತೂರಿ. ಭೀಮಾ ದಂಡೆಯ ಅವರ ಹಳ್ಳಿಯನ್ನು ವಾಸಕ್ಕಾಗದೆಂದು ಖಾಲಿ ಮಾಡಿಸಿದ್ದರು. ಊರು ಬಿಟ್ಟವರಿಗೆ ಮನೆ ಕೊಳ್ಳುವ ಸರದಿಯಲ್ಲಿ ಮೊದಲ ಹಕ್ಕು. ಅಲ್ಲಿಯವರೆಗೆ ಅವರು ನನ್ನ ತಂಪುಶಾಲೆಯಲ್ಲೇ ಒಂದು ಕಂಬದ ಪಕ್ಕ ಚಾಪೆ ಹಾಕಿಕೊಂಡಿದ್ದರು. ಕಸ್ತೂರಿಗೆ ಏಳು ತಿಂಗಳು ತುಂಬಿತ್ತು. ಸಾಲೆಯಲ್ಲಿ ಹೆರುವುದಕ್ಕೆ ಮನಸ್ಸಿಲ್ಲ, ನಮ್ಮದೊಂದು ಬಾಗಿಲು ಬೇಕು ಎಂದು ನಾನು ಹಣೆ ಮುಟ್ಟಿ ನೋಡುವಾಗಲೆಲ್ಲ ಹೇಳುತ್ತಿದ್ದಳು.

ಕೂರಿಕೆಯ ದಿನ ಪರೀಕ್ಷಕಿ ಫಿರ್ದೋಸ್ ಜಹಾಂ ಬೆಳಿಗ್ಗೆಯೇ ಬಂದರು. ಎತ್ತರದ ಹೆಂಗಸು, ಕಡಿಮೆ ಮಾತು. ಕರೆಂಟಿನ ತಂತಿ ಬಿಚ್ಚಿ ಮೊಹರು ಹಾಕಿದರು. ಗೋಡೆಗಳನ್ನು ತಟ್ಟಿದರು, ಗಾಜಿನ ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದರು. ಬಾಗಿಲ ಬಳಿ ಏಣಿ ಹತ್ತಿ ಛಾವಣಿಯ ಒಂದು ಹಲಗೆ ಸರಿಸಿ ಇಣುಕಿದರು, ಇಳಿದರು. ಆಮೇಲೆ ಬೆವರುಗೋಲನ್ನು ಕೋಣೆಯ ನಡುವೆ ನಿಲ್ಲಿಸಿ ನನಗೆ ಚಾಪೆ ತೋರಿಸಿದರು.

“ಮಾರೋರು ಒಳಗ ಕೂಡ್ರಿ. ತಲಿ ತಿರುಗಿದ್ರ ಬಾಗ್ಲ ಬಡೀರಿ. ಮರ್ಯಾದಿ ನೋಡ್ಕೋತ ಕೂಡಬ್ಯಾಡ್ರಿ,” ಎಂದು ಹೇಳಿ ಬಾಗಿಲು ಎಳೆದುಕೊಂಡರು.

ನಾನು ಸಾಯಲು ಕೂತವಳಂತೆ ಕೂತೆ. ಗಾಜಿನ ಆಚೆ ಬಿಸಿಲು ಬಿಳುಪಾಗುತ್ತಾ ಹೋಯಿತು. ಸುನೇತ್ರಾ ಬಿದ್ದಿದ್ದ ಮೂಲೆ ಎದುರಿಗೇ ಇತ್ತು. ಈಗ ಶುರುವಾಗುತ್ತದೆ, ಈಗ ಗಂಟಲು ಒಣಗುತ್ತದೆ ಎಂದು ಕಾಯುತ್ತಿದ್ದೆ. ಶುರುವಾಗಲಿಲ್ಲ. ಮೇಲಿನಿಂದ ತಣ್ಣನೆಯದೊಂದು ಉಸಿರು ಹೆಗಲ ಮೇಲೆ ಇಳಿಯುತ್ತಿತ್ತು. ಬೆವರುಗೋಲಿನ ಗೆರೆ ಮೂರನೆಯ ಗುರುತಿನ ಕೆಳಗೇ ನಿಂತಿತ್ತು. ಮೊದಲು ನನಗೆ ಸಂತೋಷವೇ ಆಯಿತು. ಸುಣ್ಣ ಕೆಲಸ ಮಾಡಿತು, ಚಪ್ಪರ ಕೆಲಸ ಮಾಡಿತು, ದೇವರು ಕಣ್ಣು ತೆರೆದ ಎಂದುಕೊಂಡೆ. ಚಾಪೆಯ ಮೇಲೆ ಬೆನ್ನು ಚಾಚಿ ಮೇಲೆ ನೋಡಿದೆ. ಬಿಳಿ ಹಲಗೆಗಳ ಮೇಲೆ ನೀರಿನ ಸಣ್ಣ ಹನಿಗಳು ಸಾಲಾಗಿ ಮೂಡಿದ್ದವು. ಮನುಷ್ಯರು ಬೆವರಬೇಕಾದ ಕಡೆ ಛಾವಣಿ ಬೆವರುತ್ತಿತ್ತು.

ರೈಲಿನಲ್ಲಿ ಹಣ್ಣು ತರಕಾರಿ ಒಯ್ಯುವ ಡಬ್ಬಿಗಳಲ್ಲಿ ಉಪ್ಪುಚೀಲಗಳನ್ನು ಇಡುತ್ತಾರೆ. ಒಳಗೆ ಒಂದು ಬಗೆಯ ಉಪ್ಪುನೀರು. ಒಮ್ಮೆ ಹೆಪ್ಪುಗಟ್ಟಿಸಿದರೆ ಎರಡು ದಿನದವರೆಗೂ ತಣ್ಣಗಿರುತ್ತದೆ. ಅದನ್ನು ಮನೆಗೆ ತರುವಂತಿಲ್ಲ. ಬಾಗಿಲ ಬಳಿಯ ಹಲಗೆಗಳನ್ನು ಬಿಟ್ಟು, ಪರೀಕ್ಷಕಿಯ ಕಣ್ಣು ತಲುಪದ ಉಳಿದ ಛಾವಣಿಯ ಉದ್ದಕ್ಕೂ ಅಂಬಾರಾಯ ಅವನ್ನು ಹಾಸಿದ್ದ. ಹನಿಗಳನ್ನು ನೋಡಿದ ಕ್ಷಣದಲ್ಲೇ ನನಗೆ ಎಲ್ಲ ಅರ್ಥವಾಯಿತು. ಅವನ ಮೇಲೆ ಸಿಟ್ಟು ಬರಲಿಲ್ಲ. ನಾನು ಎದ್ದು ಗೋಡೆಯ ಗುಂಟ ನಡೆದೆ, ಕೂತೆ, ಮತ್ತೆ ಎದ್ದೆ. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ನನ್ನ ಮಗಳು ಬೆಟ್ಟದ ಮೇಲೆ. ಅಷ್ಟೇ ತಾನೇ, ಸುಮ್ಮನಿರುವುದು.

ಕೊಳ್ಳುವವರೂ ನಡುವೆ ಒಮ್ಮೆ ಒಳಗೆ ಬಂದು ಕೂತು ನೋಡಬಹುದೆಂದು ಪದ್ಧತಿ. ಬಾಗಿಲು ತೆರೆದು ಕಸ್ತೂರಿ ಬಂದಳು. ಸೊಂಟಕ್ಕೆ ಕೈ ಕೊಟ್ಟು ನನ್ನ ಪಕ್ಕದಲ್ಲಿ ಮೆಲ್ಲಗೆ ಕೂತು, ಉಸಿರು ಬಿಟ್ಟಳು.

“ಅಕ್ಕಾರ, ಎಷ್ಟ್ ತಂಪದ ನೋಡ್ರಿ ಇಲ್ಲಿ. ನಾ ಅವರಿಗಿ ಹೇಳೇನಿ, ಬ್ಯಾರೆ ಖೋಲಿ ಯಾವ್ದೂ ಬ್ಯಾಡ, ಇಲ್ಲೇ ತೊಟ್ಲ ಕಟ್ಟಮು ಅಂತ.”

ತೊಟ್ಟಿಲು ಎಲ್ಲಿ ಕಟ್ಟುತ್ತಾಳೆಂದು ಕೈಯೆತ್ತಿ ತೋರಿಸಿದಳು. ಅದು ಸುನೇತ್ರಾ ಬಿದ್ದ ಮೂಲೆ. ಅವಳು ನನ್ನ ಮುಖ ನೋಡಿ, “ಯಾಕ್ರೀ ಅಕ್ಕಾ, ತಲಿ ತಿರಗ್ಲತ್ತದೇನು?” ಎಂದು ಕೇಳಿ, ತನ್ನ ಸೆರಗಿನಿಂದ ನನಗೆ ಗಾಳಿ ಹಾಕತೊಡಗಿದಳು. ನಾನು ಅವಳ ಕೈ ಹಿಡಿದು ನಿಲ್ಲಿಸಿದೆ. ಎದ್ದು ಹೋಗಿ ಬಾಗಿಲು ಬಡಿದೆ.

ಫಿರ್ದೋಸ್ ಜಹಾಂ ಬಾಗಿಲು ತೆರೆದರು. ಅವರ ಹಿಂದೆ ಅಂಬಾರಾಯ ಮತ್ತು ದೇವಿಂದ್ರಪ್ಪ ನಿಂತಿದ್ದರು.

“ಮೇಡಂ, ಮ್ಯಾಲಿನ ಹಲಗಿ ಎಲ್ಲಾ ತೆಗಸ್ರಿ,” ಎಂದೆ.

“ಯಾಕ್ರಿ? ಗೆರಿ ಛಲೋ ಅದ. ಇನ್ನ ಒಂದ್ ತಾಸಿನ ಮಾತು.”

“ತೆಗಸ್ರಿ. ಈ ಖೋಲಿ ಹಿಂಗ ಇರಂಗಿಲ್ಲ. ನನ್ನ ಮಗಳು ಇದರಾಗೇ ಬಿದ್ದಾಳ.”

ಅಂಬಾರಾಯ ನನ್ನನ್ನು ನೋಡಲಿಲ್ಲ. ಗೋಡೆಗೆ ಕೈ ಊರಿದ. ಹಲಗೆಗಳನ್ನು ಒಂದೊಂದಾಗಿ ಇಳಿಸಿದಾಗ ನೀಲಿ ಚೀಲಗಳು ಕಂಡವು. ಫಿರ್ದೋಸ್ ಜಹಾಂ ಏಣಿಯ ಮೇಲಿಂದಲೇ ಒಂದು ಚೀಲವನ್ನು ಮುಟ್ಟಿ ನೋಡಿದರು. “ನಾನೂ ಇಣುಕಿ ನೋಡಿದ್ದೆ. ಕಾಣ್ಲಿಲ್ಲ,” ಎಂದರು, ಯಾರಿಗೂ ಅಲ್ಲ, ತಮಗೇ. ದೇವಿಂದ್ರಪ್ಪನಿಗೆ ಮೊದಲು ಏನೆಂದು ತಿಳಿಯಲಿಲ್ಲ. ತಿಳಿದ ಮೇಲೆ ನನ್ನ ಕಡೆ ತಿರುಗಿದ.

“ತಂಪುಶಾಲ್ಯಾಗ ದಿನಾ ಆಕಿ ಹಣಿ ಮುಟ್ಟಿ ನೋಡ್ತಿದ್ರಿ ನೀವು. ಇದರಾಗ ಮಲಗಸ್ಲಾಕ ತಂದ್ರೇನ್ರಿ?”

ನನಗೆ ಗೊತ್ತಿರಲಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ ಗಂಡನೊಬ್ಬನ ಮೇಲೆ ಎಲ್ಲವನ್ನೂ ಹೊರಿಸಿದಂತಾಗುತ್ತಿತ್ತು. ಕಸ್ತೂರಿ ಗೋಡೆ ಹಿಡಿದು ಎದ್ದು ಹೊರಗೆ ಹೋದಳು. ನಾನು ಬಾಯಿ ಬಿಟ್ಟದ್ದಕ್ಕೆ ಅವರು ನನ್ನನ್ನು ಹೊಗಳುತ್ತಾರೆಂದು ಎಲ್ಲೋ ಒಳಗೆ ಆಸೆಯಿತ್ತೆಂದು ಆಗ ತಿಳಿಯಿತು, ಆಸೆ ಸುಳ್ಳಾದಾಗ.

ಮರುದಿನ ಚೀಲಗಳಿಲ್ಲದೆ ಮತ್ತೆ ಕೂರಿಕೆಯಾಯಿತು. ಬಿಸಿಲು ನೆತ್ತಿಯಿಂದ ಇನ್ನೂ ಇಳಿಯುವ ಮೊದಲೇ ನಾನು ಬಾಗಿಲು ಬಡಿದೆ. ಕಾಲು ನನ್ನವಾಗಿರಲಿಲ್ಲ. ದರ್ಜೆ ಆರು.

ಅಂಬಾರಾಯನನ್ನು ಕೆಲಸದಿಂದ ನಿಲ್ಲಿಸಿದರು. ಅವನು ಆ ಸಂಜೆ ಹೊಸ್ತಿಲಲ್ಲಿ ಕೂತು ಆಡಿದ ಮಾತುಗಳನ್ನು ಯಥಾವತ್ತಾಗಿ ಬರೆಯುತ್ತೇನೆ, ಏಕೆಂದರೆ ಅವು ಕೆಟ್ಟ ಮನುಷ್ಯನ ಮಾತುಗಳಲ್ಲ.

“ನಮ್ಮ ಕೂಸಿಗಿಂತ ಮಂದಿ ಕೂಸು ಹೆಚ್ಚಾತೇನು ನಿನಗ?”

“ಹಂಗಲ್ರಿ.”

“ಮತ್ತ ಹ್ಯಾಂಗ? ನಾ ಯಾರಿಗೂ ವಿಷ ಹಾಕಿಲ್ಲ. ಆ ಖೋಲ್ಯಾಗ ಮಲಗಬ್ಯಾಡ್ರಿ ಅಂತ ಆಮ್ಯಾಲ ಹೇಳೋನಿದ್ದೆ.”

“ಆಮ್ಯಾಲ ಅಂದ್ರ ಯಾವಾಗ್ರಿ? ಬೆಟ್ಟದ ಮ್ಯಾಲ ಹೋಗಿ ಕೂತ ಮ್ಯಾಲೇನು?”

ಅವನು ಎದ್ದು ಹೋದ. ಆಮೇಲೆ ಬಹಳ ದಿನ ನನ್ನೊಡನೆ ಮಾತಾಡಲಿಲ್ಲ. ನೀರು ಬೇಕಾದರೆ ಮಗಳನ್ನು ಕೇಳುತ್ತಿದ್ದ. ಸುನೇತ್ರಾಳಿಗೆ ನಾವು ಏನನ್ನೂ ಹೇಳಿರಲಿಲ್ಲ, ಅವಳಿಗೆ ಎಲ್ಲವೂ ಗೊತ್ತಿತ್ತು. “ಅವ್ವಾ, ಬೆಟ್ಟಕ್ಕ ಹೋಗಂಗಿಲ್ಲೇನು ನಾವು?” ಎಂದು ಒಂದೇ ಸಲ ಕೇಳಿದಳು. ಹೋಗುತ್ತೇವೆ ಎಂದೆ. ಯಾವಾಗ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಸಂಕಟ ಕಡಿಮೆಯಾಗುತ್ತಿತ್ತು. ಆ ಬೇಸಿಗೆಯುದ್ದಕ್ಕೂ ಅವಳನ್ನು ತಂಪುಶಾಲೆಯಲ್ಲೇ ಇಟ್ಟುಕೊಂಡೆ. ಕೆಲಸದ ನಡುವೆ ಓಡಿ ಹೋಗಿ ಮೈ ಮುಟ್ಟುವುದು, ಮತ್ತೆ ಸಾಲಿಗೆ ಬರುವುದು. ಬೇರೆಯವರ ಹಣೆಯ ಮೇಲೆ ಕೈಯಿಟ್ಟಾಗಲೂ ನನ್ನ ಮನಸ್ಸು ಅವಳ ಹಣೆಯ ಮೇಲೆ. ತಪ್ಪು ಮಾಡಿದೆನೆಂದು ಒಂದು ಗಳಿಗೆ ಅನಿಸುತ್ತಿತ್ತು, ಇಲ್ಲವೆಂದು ಇನ್ನೊಂದು ಗಳಿಗೆ. ಎರಡರಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ.

ಕಸ್ತೂರಿಯ ಚಾಪೆಯೂ ಅದೇ ಸಾಲೆಯಲ್ಲಿತ್ತು. ಆ ಸಾಲನ್ನು ನಾನು ಬೇರೆ ದಾದಿಗೆ ಬಿಟ್ಟುಕೊಟ್ಟಿದ್ದೆ. ಕಸ್ತೂರಿಗೆ ನೋವು ಶುರುವಾದ ದಿನ ಆ ದಾದಿ ಇನ್ನೊಬ್ಬ ರೋಗಿಯ ಬಳಿ ಸಿಕ್ಕಿಬಿದ್ದಿದ್ದಳು. ನಾನೇ ಹೋಗಬೇಕಾಯಿತು. ಕಸ್ತೂರಿ ನನ್ನನ್ನು ನೋಡಿ ಮುಖ ತಿರುಗಿಸಿದಳು, ಆಮೇಲೆ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಉಗುರಿನ ಗುರುತು ವಾರದವರೆಗಿತ್ತು. ಹೆಣ್ಣು ಮಗು ಹುಟ್ಟಿತು. ಮಗುವನ್ನು ಒರೆಸಿ ಕೈಗೆ ಕೊಟ್ಟಾಗ ಕಸ್ತೂರಿ ಮಾತಾಡಿದಳು. ನಾನು ಯಾವ ಮಾತನ್ನು ನಿರೀಕ್ಷಿಸಿದ್ದೆನೋ ಅದನ್ನಲ್ಲ.

“ಅಕ್ಕಾ, ಆ ಖೋಲಿನೇ ಇಲ್ದಿದ್ರ?”

“ಅಂದ್ರ?”

“ನಮ್ಮೂರಾಗ ಹುಳ ಬಿದ್ದ ಟೊಂಗಿ ಕಡದ್ರ ಗಿಡ ಉಳೀತಿತ್ತು. ಆ ಖೋಲಿ ಕಡದ್ ಒಗದ್ರ? ಬಾಕಿ ಮನಿ ಛಲೋನೇ ಅದಲ್ರಿ.”

ದರ್ಜೆ ಈಗ ನಿಂತಿರುವ ಮನೆಗೆ, ಹಿಂದೆ ಇದ್ದ ಮನೆಗಲ್ಲ. ಕೆಡವಬಾರದೆಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲವೆಂದು ಫಿರ್ದೋಸ್ ಜಹಾಂ ಹೇಳಿದರು. ಆದರೆ ನಾನು ದಾದಿ, ಕೆಡವುವ ಕೆಲಸ ಬಾರದು. ಅಂಬಾರಾಯ ಮಾತು ಬಿಟ್ಟವನು. ಚಳಿ ಬಿದ್ದ ಮೇಲೆ ದೇವಿಂದ್ರಪ್ಪ ಒಂದು ಹಾರೆ ಹೊತ್ತುಕೊಂಡು ಬಾಗಿಲಿಗೆ ಬಂದ. ನಮ್ಮನ್ನು ಕ್ಷಮಿಸಿರಲಿಲ್ಲ. ಅವನಿಗೂ ಬೇರೆ ಮನೆಯ ಸರದಿ ಸಿಕ್ಕಿರಲಿಲ್ಲ, ಅಷ್ಟೇ. ಅವನೂ ನಾನೂ ಸೇರಿ ಗಾಜು ಇಳಿಸಿದೆವು, ಚೌಕಟ್ಟು ಕಿತ್ತೆವು. ಅಂಬಾರಾಯ ಹೊಸ್ತಿಲಲ್ಲಿ ಕೂತು ನೋಡುತ್ತಿದ್ದ. ಸ್ಲ್ಯಾಬು ಒಡೆಯುವ ದಿನ ದೇವಿಂದ್ರಪ್ಪ ಅದರ ಮೇಲೆ ಹತ್ತಿ ನಿಂತು ತನ್ನ ಕಾಲಡಿಗೇ ಪೆಟ್ಟು ಹಾಕತೊಡಗಿದ. ಅಂಬಾರಾಯ ಎದ್ದು ಮೇಲೆ ಹತ್ತಿ ಬಂದು ಅವನ ತೋಳು ಹಿಡಿದು ಎಳೆದ.

“ನಿಂತ ಜಾಗಾನೇ ಕಡೀತಾರೇನೋ ಮಾರಾಯ. ಇತ್ತ ಬಾ. ಕೂಸಿನ ತಂದಿ ಇದ್ದಿ,” ಎಂದು ಹಾರೆ ಕಸಿದುಕೊಂಡ.

ಅಲ್ಲಿಂದ ಮುಂದೆ ಇಬ್ಬರೂ ಸೇರಿ ಕೆಲಸ ಮಾಡಿದರು. ಕೋಣೆ ಇದ್ದ ಕಡೆ ಬಯಲಾಯಿತು. ಹಳೆಯ ಫರಸಿ ಕಲ್ಲು ಆರಿಸಿ ತಂದು ಒಳಗೋಡೆಯ ಪಶ್ಚಿಮಕ್ಕೆ ಇನ್ನೊಂದು ಗೋಡೆ ಎತ್ತಿದರು, ಎರಡರ ನಡುವೆ ಗಾಳಿ ಆಡುವಷ್ಟು ಸಂದು ಬಿಟ್ಟು. ಬಯಲಿನಲ್ಲಿ ಕಸ್ತೂರಿ ಬೇವಿನ ಸಸಿ ಹಚ್ಚಿದಳು. ಅಂಬಾರಾಯ ದೇವಿಂದ್ರಪ್ಪನ ಜೊತೆ ಮಾತಾಡುತ್ತಿದ್ದ, ಕಸ್ತೂರಿಯ ಜೊತೆ ಮಾತಾಡುತ್ತಿದ್ದ, ಮಗುವಿನ ಜೊತೆಯೂ. ನನ್ನೊಡನೆ ಆಗಲೂ ಇಲ್ಲ.

ಮುಂದಿನ ಮೊದಲ ಬೇಸಿಗೆಯಲ್ಲಿ ಫಿರ್ದೋಸ್ ಜಹಾಂ ಮತ್ತೆ ಬಂದರು. ಈ ಸಲ ಕೂರಲು ನಾನು ಚಾಪೆ ಎತ್ತಿಕೊಂಡಾಗ ಅಂಬಾರಾಯ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, “ನಾ ಕೂಡ್ತೀನಿ,” ಎಂದ. ತಿಂಗಳುಗಳ ನಂತರ ಅವನು ನನಗೆ ಆಡಿದ ಮೊದಲ ಮಾತು ಅದು. ಬಿಸಿಲು ಪೂರ್ತಿ ಇಳಿಯುವವರೆಗೆ ಕೂತು, ಅಂಗಿ ಒದ್ದೆ ಮಾಡಿಕೊಂಡು, ತನ್ನ ಕಾಲಿನ ಮೇಲೆಯೇ ನಡೆದು ಹೊರಗೆ ಬಂದ.

ದರ್ಜೆ ನಾಲ್ಕು. ಮೂರಲ್ಲ. ಅದಕ್ಕೆ ಬೆಟ್ಟದ ಮೇಲಿನ ಪೇಟೆ ಸಿಗಲಿಲ್ಲ, ಬುಡದ ಕೆಳಪೇಟೆ ಸಿಕ್ಕಿತು. ನಾವೀಗ ಇರುವುದು ಇಲ್ಲಿ. ಸುನೇತ್ರಾ ಬೆಳಿಗ್ಗೆ ಹಗ್ಗಕ್ಕೆ ತೂಗಿಕೊಂಡು ಬೆಟ್ಟ ಹತ್ತುವ ತೊಟ್ಟಿಲುಗಾಡಿಯಲ್ಲಿ ಮೇಲಿನ ಶಾಲೆಗೆ ಹೋಗುತ್ತಾಳೆ, ಸಂಜೆ ಇಳಿಯುತ್ತಾಳೆ. ಕಲಬುರಗಿಗಿಂತ ಇಲ್ಲಿ ಎಷ್ಟೋ ಹಿತ. ಬದುಕುತ್ತಾಳೆಂದು ವೈದ್ಯರು ಹೇಳುತ್ತಾರೆ. ಬೆವರು ತಿರುಗಿ ಬಂದಿಲ್ಲ. ಅಂಬಾರಾಯನಿಗೆ ಗಾಡಿಯ ಹಗ್ಗ ನೋಡಿಕೊಳ್ಳುವ ಕೆಲಸ ಸಿಕ್ಕಿದೆ. ಈಗ ನಾವು ಮಾತಾಡುತ್ತೇವೆ, ನೀರಿನ ವಿಷಯ, ಅನ್ನದ ವಿಷಯ, ಮಗಳ ವಿಷಯ. ಆದರೆ ಬಯಲಿನಿಂದ ಬಿಸಿಗಾಳಿ ಎದ್ದ ದಿನಗಳಲ್ಲಿ ಅವನು ಸುಮ್ಮನೆ ಬೆಟ್ಟದ ಮೇಲಿನ ದೀಪಗಳನ್ನು ನೋಡುತ್ತಾನೆ. ಆಗ ನಾನು ಎದ್ದು ಇನ್ನೇನಾದರೂ ಕೆಲಸ ಹುಡುಕುತ್ತೇನೆ. ಕಸ್ತೂರಿ ರೈಲಿನವರ ಬಾಯಲ್ಲಿ ಹೇಳಿ ಕಳಿಸಿದ್ದಳು: ತೊಟ್ಟಿಲು ನಡುಮನೆಯಲ್ಲಿ ಕಟ್ಟಿದ್ದಾರೆ, ಮಗು ಹಗಲಿನಲ್ಲೂ ಮಲಗುತ್ತದೆ.

ನಾನು ಮಾಡಿದ್ದು ಸರಿಯೋ ಎಂದು ನಿಮ್ಮನ್ನು ಕೇಳುತ್ತಿಲ್ಲ. ಕೇಳಬೇಕಾದ್ದು ಬೇರೆ. ನಮ್ಮ ಆ ಮನೆಯನ್ನು ಕಟ್ಟಿದವರು ಕೆಟ್ಟವರಾಗಿರಲಿಕ್ಕಿಲ್ಲ. ಸಂಜೆಯ ಸೂರ್ಯ ಮನೆಯೊಳಗಿಂದ ಚಂದ ಕಾಣಲೆಂದು ಅಷ್ಟು ಗಾಜು ಇಟ್ಟಿರಬೇಕು. ಕರೆಂಟು ಯಾವಾಗಲೂ ಇರುತ್ತದೆಂದು ನಂಬಿರಬೇಕು. ಆದ್ದರಿಂದ ಕಟ್ಟುವಾಗ ಪಶ್ಚಿಮದ ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಅದನ್ನು ದಪ್ಪ ಮಾಡಿ, ಇಲ್ಲವೇ ಅದಕ್ಕೆ ನೆರಳು ಕೊಡಿ. ಮನೆಯ ದರ್ಜೆ ನೋಡಲು ಯಾರಾದರೂ ಬಂದರೆ, ಯಂತ್ರಗಳನ್ನೆಲ್ಲ ನಿಲ್ಲಿಸಿ ನೋಡಿ ಎಂದು ನೀವೇ ಹೇಳಿ. ಅವರು ಬರದಿದ್ದರೆ, ವೈಶಾಖದ ಒಂದು ಮಧ್ಯಾಹ್ನ ಮೀಟರಿನ ಬಳಿ ಹೋಗಿ ಕರೆಂಟು ತೆಗೆದು, ನೀವೇ ಕೂತು ನೋಡಿ. ನಿಮ್ಮ ಮೈ ಸುಳ್ಳು ಹೇಳುವುದಿಲ್ಲ.

ಮತ್ತು ಕೊಳ್ಳುವವರು ಬಾಗಿಲಿಗೆ ಬಂದಾಗ ಅಂಗಳ ತೋರಿಸಿ, ಅಡುಗೆಮನೆ ತೋರಿಸಿ, ನೀರಿನ ತೊಟ್ಟಿ ತೋರಿಸಿ. ಅಷ್ಟಕ್ಕೆ ಅವರು ಸಂತೋಷಪಟ್ಟು ಹೊರಡಲು ಎದ್ದರೆ, ಇನ್ನೂ ಒಂದು ಕೋಣೆ ಇದೆ ಬನ್ನಿ ಎಂದು ಕರೆಯಿರಿ. ಬಾಗಿಲು ತೆರೆದು, ಇದು ಸುಡುತ್ತದೆ, ಇಲ್ಲಿ ಮಕ್ಕಳನ್ನು ಮಲಗಿಸಬೇಡಿ ಎಂದು ನಿಮ್ಮ ಬಾಯಿಂದಲೇ ಹೇಳಿ. ಅವರು ಕೊಳ್ಳದೆ ಹೋಗಬಹುದು. ಹೋಗಲಿ. ಹೇಳಿ.

ನಿಮ್ಮವಳೇ ಆದ,
ನೀಲಗಂಗಾ ಅಂಬಾರಾಯ